ಸುತ್ತಿಟ್ಟ ಇಳಿಜಾರು

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಇಂಗ್ಲೆಂಡಿನಿಂದ ಬಂದ ಹಳೆಯ ರೋಹಿತಮಾಪಕವೊಂದುಂಟು. ಬೆಳಕನ್ನು ಬಣ್ಣಬಣ್ಣಗಳಾಗಿ ಬಿಡಿಸಿ ಅವುಗಳ ಕೋನಗಳನ್ನು ಅಳೆಯುವ ಉಪಕರಣವಿದು. ಇದರ ಮೂರು ಕಾಲುಗಳಿಗೆ ಮೂರು ತಿರುಪುಗಳಿದ್ದು, ಅವನ್ನು ತಿರುಗಿಸಿ ಉಪಕರಣವನ್ನು ಮಟ್ಟಸಗೊಳಿಸಿದ ಹೊರತು ಪ್ರಯೋಗವು ಆರಂಭವಾಗುವಂತಿಲ್ಲ. ಕೆಲವು ವರ್ಷಗಳ ಹಿಂದೆ ಈ ಮೂರರಲ್ಲಿ ಒಂದು ಕಳೆದುಹೋಯಿತು. ಪರೀಕ್ಷೆಗೆ ಎರಡೇ ದಿನಗಳು ಉಳಿದಿದ್ದುದರಿಂದ ನಾನೇ ಪೇಟೆಗೆ ಹೋಗಿ, ಕಣ್ಣಿಗೆ ಅದೇ ದಪ್ಪದ್ದೆಂದು ತೋರಿದ ಉಕ್ಕಿನ ತಿರುಪೊಂದನ್ನು ಕೊಂಡುತಂದೆ. ಮೊದಲ ಎರಡು ಸುತ್ತು ಅದು ಸರಾಗವಾಗಿ ಒಳಸೇರಿತು. ಮೂರನೆಯ ಸುತ್ತಿಗೆ ಬಿಗಿಯಿತು. ಹೊಸದಾದುದರಿಂದ ಬಿಗಿಯಿರಬಹುದೆಂದು ಎಣಿಸಿ ಇಕ್ಕಳದಿಂದ ಹಿಡಿದು ಬಲವಾಗಿ ತಿರುಗಿಸಿದೆ. ಸಣ್ಣದೊಂದು ಸದ್ದಾಯಿತು, ಕಾಲಿನ ರಂಧ್ರದಿಂದ ಹಿತ್ತಾಳೆಯ ಪುಡಿ ಉದುರಿತು. ಅಷ್ಟರಲ್ಲಿ ಬಂದ ನಮ್ಮ ಹಿರಿಯ ಅಟೆಂಡರು ತಿರುಪನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, “ಸಾರ್, ಉಪಕರಣದ್ದು ಇಂಚಿನ ಥ್ರೆಡ್ಡು. ತಾವು ತಂದಿರೋದು ಮಿಲಿಮೀಟರಿಂದು. ಎರಡು ಸುತ್ತು ಹೋಗುತ್ತೆ, ಆಮೇಲೆ ಹೋಗೋಲ್ಲ” ಎಂದರು. ಹತ್ತು ವರ್ಷಗಳಿಂದ ಪ್ರತಿ ಜೂನ್-ಜುಲೈಯಲ್ಲಿ ಸ್ಕ್ರೂಗೇಜಿನ ಪಾಠವನ್ನು ಹೇಳುತ್ತ ಬಂದ ನನಗೆ ಆ ಮಾತು ಹೊಳೆದಿರಲಿಲ್ಲ.

ಅಂದಿನಿಂದ ತಿರುಪಿನ ವಿಷಯದಲ್ಲಿ ನನಗೊಂದು ಕುತೂಹಲವುಂಟಾಯಿತು. ಆ ಕುತೂಹಲದ ಫಲವೇ ಪ್ರಕೃತ ಲೇಖನ.

ಯಂತ್ರವೆಂಬುದು ಎಷ್ಟೇ ಜಟಿಲವಾಗಿರಲಿ, ಅದನ್ನು ಬಿಚ್ಚುತ್ತ ಹೋದರೆ ಕೊನೆಗೆ ಕೆಲವೇ ಬಗೆಯ ಸರಳ ಅಂಗಗಳು ನಮ್ಮ ಕೈಗೆ ಸಿಕ್ಕುತ್ತವೆ. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಅಲೆಗ್ಸಾಂಡ್ರಿಯಾ ನಗರದಲ್ಲಿದ್ದ ಹೀರೋ ಎಂಬ ಪಂಡಿತನು ಇವುಗಳನ್ನು ಐದೆಂದು ಎಣಿಸಿದನು: ಸನ್ನೆ, ಅಚ್ಚಿನೊಡನೆ ಕೂಡಿದ ಗಾಲಿ, ರಾಟೆ, ಬೆಣೆ ಮತ್ತು ತಿರುಪು. ಆತನು ಗ್ರೀಕಿನಲ್ಲಿ ಬರೆದ ಆ ಯಂತ್ರಶಾಸ್ತ್ರ ಗ್ರಂಥವು ಇಂದು ಪೂರ್ಣವಾಗಿ ಉಳಿದಿರುವುದು ಅರಬ್ಬೀ ಅನುವಾದದಲ್ಲಿ ಮಾತ್ರ. ಈ ಐದರಲ್ಲಿ ಮೊದಲ ನಾಲ್ಕನ್ನು ನಮ್ಮ ಹಳ್ಳಿಯ ಜೀವನದಲ್ಲಿ ಯಾರೂ ತೋರಿಸಿಕೊಡಬಲ್ಲರು. ಏತವು ಸನ್ನೆ; ಬಂಡಿಯಲ್ಲಿ ಗಾಲಿ, ಅಚ್ಚುಗಳಿವೆ; ಬಾವಿಯ ಮೇಲೆ ರಾಟೆಯಿದೆ; ಸೌದೆ ಸೀಳುವವನ ಕೈಯಲ್ಲಿ ಬೆಣೆಯಿದೆ. ಆದರೆ ತಿರುಪು? ನಮ್ಮ ಹಳೆಯ ಬಂಡಿ, ನೇಗಿಲು, ಮಗ್ಗಗಳಲ್ಲಿ ಬೆಣೆ, ಗೂಟ, ಹಗ್ಗಗಳೇ ಜೋಡಣೆಯ ಸಾಧನಗಳು; ತಿರುಪನ್ನು ಅಲ್ಲಿ ಹುಡುಕಬೇಕಾಗುತ್ತದೆ. ಐದು ಮಂದಿ ಒಡಹುಟ್ಟಿದವರಲ್ಲಿ ಇದು ಕಿರಿಯದೆನ್ನಬಹುದು. ಕಿರಿಯದಾದರೂ ಇಂದಿನ ಯಂತ್ರಲೋಕದಲ್ಲಿ ಸಂಖ್ಯೆಯಿಂದ ಮಿಕ್ಕ ನಾಲ್ಕನ್ನೂ ಮೀರಿಸಿರುವುದು ಇದೇ.

ತಿರುಪಿನ ಸ್ವರೂಪವನ್ನು ತಿಳಿಯಲು ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಕಾಗದವೊಂದನ್ನು ಲಂಬಕೋನ ತ್ರಿಕೋನದ ಆಕಾರಕ್ಕೆ ಕತ್ತರಿಸಿ, ಅದರ ಓರೆಯಾದ ಅಂಚಿಗೆ ಮಸಿ ಹಚ್ಚಿ, ಪೆನ್ಸಿಲಿನ ಸುತ್ತ ಸುತ್ತಿರಿ. ಓರೆಯಂಚು ಪೆನ್ಸಿಲಿನ ಮೈಮೇಲೆ ಸುರುಳಿಯಾಗಿ ಏರಿಹೋಗುವುದು ಕಾಣುತ್ತದೆ. ಎಂದರೆ, ತಿರುಪು ಬೇರೆಯೇನೂ ಅಲ್ಲ. ಕಂಬವೊಂದಕ್ಕೆ ಸುತ್ತಿಟ್ಟ ಇಳಿಜಾರು. ನೇರವಾಗಿ ಏರಲಾಗದ ಬೆಟ್ಟವನ್ನು ಘಟ್ಟದ ರಸ್ತೆಯು ಬಳಸಿ ಬಳಸಿ ಏರುವುದಷ್ಟೆ. ತಿರುಪಿನ ಉಪಾಯವೂ ಅದೇ. ಮೈಮೇಲೆ ಸುತ್ತಿಕೊಂಡಿರುವ ಆ ಏಣನ್ನು ‘ಎಳೆ’ಯೆಂದು ಕರೆಯೋಣ, ವರ್ಕ್‌ಷಾಪಿನವರು ಅದನ್ನೇ ಥ್ರೆಡ್ಡೆನ್ನುತ್ತಾರೆ. ಒಂದು ಎಳೆಯಿಂದ ಮುಂದಿನ ಎಳೆಗೆ ಇರುವ ಅಂತರವು ‘ಪಿಚ್ಚು’. ತಿರುಪನ್ನು ಒಂದು ಪೂರ್ಣ ಸುತ್ತು ತಿರುಗಿಸಿದರೆ ಅದು ಒಂದು ಪಿಚ್ಚಿನಷ್ಟು ಮುಂದೆ ಸರಿಯುತ್ತದೆ.

ಭಾರ ಎತ್ತುವ ಜ್ಯಾಕನ್ನು ತೆಗೆದುಕೊಳ್ಳಿ. ಅದರ ತಿರುಪಿನ ಪಿಚ್ಚು 10 ಮಿಲಿಮೀಟರು, ಹಿಡಿಕೆಯ ಉದ್ದ 50 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಹಿಡಿಕೆಯ ತುದಿ ಒಂದು ಸುತ್ತು ಬರುವಾಗ ನಮ್ಮ ಕೈ ಸುಮಾರು 3,140 ಮಿಲಿಮೀಟರು ಸಾಗುತ್ತದೆ. ಭಾರವು ಏರುವುದು 10 ಮಿಲಿಮೀಟರು ಮಾತ್ರ. ದೂರದಲ್ಲಿ 314 ಪಟ್ಟು ಕೊಟ್ಟ ನಮಗೆ ಬಲದಲ್ಲಿ 314 ಪಟ್ಟು ಸಿಗಬೇಕು; ಇದಕ್ಕಿಂತ ಹೆಚ್ಚು ಸಿಗದು. ಯಂತ್ರದಿಂದ ಪ್ರಕೃತಿಯನ್ನು ವಂಚಿಸಬಹುದೆಂಬ ಭ್ರಮೆಯನ್ನು ಗೆಲಿಲಿಯೋ 1600ರ ಸುಮಾರಿನಲ್ಲಿಯೇ ತನ್ನ ಯಂತ್ರಶಾಸ್ತ್ರದ ಪ್ರಬಂಧದಲ್ಲಿ ಖಂಡಿಸಿದ್ದನು. ಈ ಲೆಕ್ಕದಂತೆ 20 ಕಿಲೋಗ್ರಾಮಿನಷ್ಟು ಒತ್ತಿದರೆ ಆರು ಸಾವಿರ ಕಿಲೋಗ್ರಾಮಿಗೂ ಮೇಲ್ಪಟ್ಟ ಭಾರವು ಏಳಬೇಕಾಗಿತ್ತು. ವಾಸ್ತವವಾಗಿ ಏಳುವುದು ಸುಮಾರು 1,900 ಕಿಲೋಗ್ರಾಮು. ತಿರುಪಿನ ಸರಾಸರಿ ವ್ಯಾಸ 50 ಮಿಲಿಮೀಟರಾಗಿದ್ದು, ಎಣ್ಣೆ ಸವರಿದ ಉಕ್ಕಿನ ಘರ್ಷಣಾಂಕವನ್ನು 0.15 ಎಂದು ಹಿಡಿದರೆ, ನಾವು ಪಟ್ಟ ಶ್ರಮದಲ್ಲಿ ನೂರಕ್ಕೆ 30 ಪಾಲು ಮಾತ್ರ ಭಾರಕ್ಕೆ ಸಲ್ಲುತ್ತದೆ. ಉಳಿದ 70 ಪಾಲು ಎಳೆಗಳ ಉಜ್ಜಾಟದಲ್ಲಿ ಕಾವಾಗಿ ಕಳೆದುಹೋಗುತ್ತದೆ.

ಎಂತಹ ಅಪವ್ಯಯ! ಎಂದು ವಾಚಕರು ಉದ್ಗರಿಸಬಹುದು. ಆದರೆ ಜ್ಯಾಕಿನ ಹಿಡಿಕೆಯನ್ನು ಬಿಟ್ಟು ಕೈಕಟ್ಟಿ ನಿಂತು ನೋಡಿ. ಕಾರು ಅಲ್ಲಿಯೇ ನಿಂತಿರುತ್ತದೆ, ಕೆಳಗಿಳಿಯುವುದಿಲ್ಲ. ಬಾವಿಯ ಹಗ್ಗವನ್ನು ಕೈಬಿಟ್ಟರೆ ಕೊಡವು ನೀರಿಗೆ ಬೀಳುತ್ತದೆ. ಸನ್ನೆಯನ್ನು ಬಿಟ್ಟರೆ ಕಲ್ಲು ಉರುಳುತ್ತದೆ. ತಿರುಪು ಮಾತ್ರ ಕೊಟ್ಟ ಭಾರವನ್ನು ಹಿಡಿದುಕೊಂಡು ನಿಲ್ಲುವುದು ಹೇಗೆ? ಆ ‘ಅಪವ್ಯಯ’ದಿಂದಲೇ. ಭಾರವನ್ನು ಏರಿಸುವಾಗ ನಮಗೆ ಎದುರಾಗಿದ್ದ ಘರ್ಷಣೆಯು, ಭಾರವು ತಾನಾಗಿ ಇಳಿಯಲು ಹೊರಟಾಗ ಅದಕ್ಕೂ ಎದುರಾಗುತ್ತದೆ. ಏರಿಸುವಾಗ ಘರ್ಷಣೆಯು ಎಷ್ಟು ಶ್ರಮವನ್ನು ನುಂಗಿತೋ, ಸುಮಾರು ಅಷ್ಟನ್ನೇ ಇಳಿಯುವಾಗಲೂ ನುಂಗಬಲ್ಲುದು. ಈ ನುಂಗುವ ಪಾಲು ಭಾರಕ್ಕೆ ಸಂದ ಪಾಲಿಗಿಂತ ಹೆಚ್ಚಾಗಿದ್ದರೆ ಭಾರವು ಕದಲಲಾರದು. ಆದುದರಿಂದ ತಾನಾಗಿ ಹಿಂದಕ್ಕೆ ಜಾರದ ತಿರುಪಿನಲ್ಲಿ ನಮ್ಮ ಶ್ರಮದ ಅರ್ಧಕ್ಕಿಂತಲೂ ಹೆಚ್ಚು ವ್ಯರ್ಥವಾಗಲೇಬೇಕು. ನೂರಕ್ಕೆ 50ಕ್ಕಿಂತ ಹೆಚ್ಚು ದಕ್ಷತೆಯ ತಿರುಪು ಬೇಕೆನ್ನುವವನು, ಅದು ಭಾರವನ್ನು ಹಿಡಿದು ನಿಲ್ಲುವ ಗುಣವನ್ನು ಬಿಟ್ಟುಕೊಡಬೇಕು. ಇಂದಿನ ಗಣಕನಿಯಂತ್ರಿತ ಯಂತ್ರಗಳಲ್ಲಿ ಎಳೆಗಳ ನಡುವೆ ಉಕ್ಕಿನ ಗುಂಡುಗಳನ್ನು ಉರುಳಬಿಟ್ಟು ದಕ್ಷತೆಯನ್ನು ನೂರಕ್ಕೆ 90ರ ವರೆಗೆ ಏರಿಸಿದ್ದಾರೆ. ಅಲ್ಲಿ ಭಾರವು ಕೆಳಕ್ಕೆ ಜಾರದಂತೆ ಪ್ರತ್ಯೇಕವಾಗಿ ಬ್ರೇಕನ್ನು ಇಡಬೇಕಾಗಿ ಬಂದಿದೆ.

ಜ್ಯಾಕಿನ ತಿರುಪು ಭಾರವನ್ನು ಸರಿಸುವುದು. ಆದರೆ ಜಗತ್ತಿನ ತಿರುಪುಗಳಲ್ಲಿ ಬಹುಪಾಲು ಏನನ್ನೂ ಸರಿಸುವುದಿಲ್ಲ, ಸುಮ್ಮನೆ ಹಿಡಿದುಕೊಂಡಿರುತ್ತವೆ. ಬೋಲ್ಟು ಮತ್ತು ನಟ್ಟಿನ ಜೋಡಿಯನ್ನು ನೋಡಿ. ನಟ್ಟನ್ನು ಬಿಗಿಯುತ್ತ ಹೋದಂತೆ ಬೋಲ್ಟಿನ ದಂಡವು ಕಣ್ಣಿಗೆ ಕಾಣದಷ್ಟು ಉದ್ದಕ್ಕೆ ಎಳೆಯಲ್ಪಡುತ್ತದೆ. ಬೋಲ್ಟೆಂದರೆ ಬಹು ಗಟ್ಟಿಯಾದ ಒಂದು ಸ್ಪ್ರಿಂಗು ಎಂದು ತಿಳಿದರೆ ತಪ್ಪಿಲ್ಲ. ಎಳೆದ ಸ್ಪ್ರಿಂಗು ಮೊದಲ ಉದ್ದಕ್ಕೆ ಮರಳಲು ಯತ್ನಿಸುವಂತೆ, ಎಳೆಯಲ್ಪಟ್ಟ ಬೋಲ್ಟು ತನ್ನ ತಲೆಗೂ ನಟ್ಟಿಗೂ ನಡುವೆ ಇರುವ ಭಾಗಗಳನ್ನು ಅದುಮಿ ಹಿಡಿಯುತ್ತದೆ. ಸ್ಪ್ಯಾನರಿನಿಂದ ನಾವು ಹಾಕುವ ಶ್ರಮದಲ್ಲಿ ಸ್ಥೂಲವಾಗಿ ಅರ್ಧವು ನಟ್ಟಿನ ಅಡಿ ಉಜ್ಜುವುದರಲ್ಲಿಯೂ, ನೂರಕ್ಕೆ 40 ಪಾಲು ಎಳೆಗಳ ಉಜ್ಜಾಟದಲ್ಲಿಯೂ ಕಳೆದು, ಬೋಲ್ಟನ್ನು ಎಳೆಯಲು ಉಳಿಯುವುದು 10 ಪಾಲು ಮಾತ್ರ. ಎಳೆಗೆ ಎಣ್ಣೆ ತಗುಲಿದರೆ, ಇಲ್ಲವೆ ತುಕ್ಕು ಹಿಡಿದರೆ, ಈ ಹಂಚಿಕೆಯು ಬದಲಾಗಿ ಅಷ್ಟೇ ಬಲದಿಂದ ಬಿಗಿದ ಎರಡು ಬೋಲ್ಟುಗಳಲ್ಲಿ ಒಂದು ಸಡಿಲವಾಗಿಯೂ ಮತ್ತೊಂದು ಹರಿಯುವಷ್ಟು ಬಿಗಿಯಾಗಿಯೂ ಇರುವುದು ಸಾಧ್ಯ.

ಹೀಗೆ ಹಿಡಿದ ನಟ್ಟು ಅದುರಾಟದಿಂದ ಸಡಿಲುವುದನ್ನು ಎಲ್ಲರೂ ಬಲ್ಲರು. ಇದರ ಕಾರಣವನ್ನು ಪ್ರಯೋಗದಿಂದ ಸ್ಪಷ್ಟಪಡಿಸಿದವನು ಗೆರ್‌ಹಾರ್ಡ್ ಯುಂಕರ್ ಎಂಬ ಜರ್ಮನ್ ಇಂಜಿನಿಯರು. ಅದು 1969ರಷ್ಟು ಈಚಿನದು. ಬೋಲ್ಟಿನ ಉದ್ದಕ್ಕೆ ಆಗುವ ಅದುರಾಟಕ್ಕಿಂತ ಅಡ್ಡಕ್ಕೆ ಆಗುವ ಅದುರಾಟವೇ ಹೆಚ್ಚು ಅಪಾಯಕರವೆಂದು ಆತನು ತೋರಿಸಿದನು. ಅಡ್ಡಕ್ಕೆ ಜಾರುತ್ತಿರುವ ವಸ್ತುವಿಗೆ ಬೇರೆ ದಿಕ್ಕಿನಲ್ಲಿ ಘರ್ಷಣೆಯ ತಡೆಯು ಉಳಿಯುವುದಿಲ್ಲ. ಬಾಟಲಿಯ ಬಿರಟೆಯನ್ನು ತಿರುಗಿಸುತ್ತ ಎಳೆದರೆ ಸುಲಭವಾಗಿ ಬರುವುದಲ್ಲವೆ? ಹಾಗೆಯೇ ಅಡ್ಡಕ್ಕೆ ಕ್ಷಣಕ್ಷಣಕ್ಕೂ ಜಾರುತ್ತಿರುವ ನಟ್ಟು, ಎಳೆಯೆಂಬ ಇಳಿಜಾರಿನಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಇಳಿದುಬಿಡುತ್ತದೆ.

ಸೈಕಲ್ಲಿನ ಎಡಪೆಡಲನ್ನು ಬಿಚ್ಚಿದವರಿಗೆ ಇನ್ನೊಂದು ಸೋಜಿಗವು ತಿಳಿದಿರುತ್ತದೆ. ಬಲಪೆಡಲಿನ ಎಳೆಯು ಸಾಮಾನ್ಯ ತಿರುಪಿನಂತೆ ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ; ಎಡಪೆಡಲಿನದು ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಕಾರಣವನ್ನು ಕಾಣಲು ಎಡಗೈ ಮುಷ್ಟಿಯೊಳಗೆ ಪೆನ್ಸಿಲನ್ನು ಸಡಿಲವಾಗಿ ಹಿಡಿದು, ಅದರ ಹೊರತುದಿಯನ್ನು ಬಲಗೈಯಿಂದ ವೃತ್ತಾಕಾರವಾಗಿ ಆಡಿಸಿ. ಮುಷ್ಟಿಯ ಒಳಮೈಗೆ ಒರಸಿಕೊಂಡು ಉರುಳುವ ಪೆನ್ಸಿಲು, ನೀವು ಆಡಿಸಿದ ದಿಕ್ಕಿಗೆ ವಿರುದ್ಧವಾಗಿ ತನ್ನ ಸುತ್ತ ತಾನು ತಿರುಗುವುದು. ಸವಾರನ ಪಾದದ ಭಾರವು ಪೆಡಲಿನ ದಂಡವನ್ನು ಹೀಗೆಯೇ ಅದರ ರಂಧ್ರದಲ್ಲಿ ಉರುಳಿಸುತ್ತದೆ. ಎಡಗಡೆ ಸಾಮಾನ್ಯ ಎಳೆಯನ್ನು ಇಟ್ಟಿದ್ದರೆ ಪೆಡಲು ಸಡಿಲಿ ಕಳಚಿ ಬೀಳಬಹುದಾಗಿತ್ತು.

ಇಷ್ಟಾಯಿತು ತಿರುಪಿನ ಗುಣ. ಅದನ್ನು ಮಾಡುವುದು ಹೇಗೆ? ಇಲ್ಲೊಂದು ವಿಚಿತ್ರವಾದ ಗಂಟಿದೆ. ಸಮನಾದ ಎಳೆಯನ್ನು ಕೊರೆಯಬೇಕಾದರೆ ದಂಡವು ತಿರುಗುವಾಗ ಉಳಿಯು ಅದರ ಉದ್ದಕ್ಕೆ ಸಮನಾಗಿ ಸರಿಯಬೇಕು. ತಿರುಗುವುದಕ್ಕೆ ಸರಿಯಾಗಿ ಸಮನಾಗಿ ಸರಿಸುವ ಸಾಧನ ಯಾವುದು? ತಿರುಪು! ಒಳ್ಳೆಯ ತಿರುಪನ್ನು ಮಾಡಲು ಮೊದಲೇ ಒಂದು ಒಳ್ಳೆಯ ತಿರುಪು ಬೇಕು. ಆದುದರಿಂದ ಬಹು ಕಾಲದ ವರೆಗೆ ತಿರುಪುಗಳನ್ನು ಗೆರೆ ಎಳೆದುಕೊಂಡು ಅರದಿಂದ ಉಜ್ಜಿ ಕೈಯಲ್ಲೇ ಮಾಡುತ್ತಿದ್ದರು. ದ್ರಾಕ್ಷಿ, ಆಲಿವ್‌ಗಳನ್ನು ಹಿಂಡುವ ಮರದ ಯಂತ್ರಗಳಿಗೂ, ಹದಿನೈದನೆಯ ಶತಮಾನದಲ್ಲಿ ಗುಟೆನ್‌ಬರ್ಗನ ಮುದ್ರಣಯಂತ್ರಕ್ಕೂ ಅಂತಹ ತಿರುಪು ಸಾಕಾಗಿತ್ತು. ಖಗೋಳಶಾಸ್ತ್ರಜ್ಞರಿಗೂ ನಾವಿಕರಿಗೂ ಸಾಲದಾಯಿತು. ಲಂಡನ್ನಿನ ಉಪಕರಣಕಾರ ಜೆಸ್ಸಿ ರಾಮ್ಸ್‌ಡೆನ್ನನು ವೃತ್ತವನ್ನು ಅಂಶಗಳಾಗಿ ವಿಭಾಗಿಸುವ ಯಂತ್ರವೊಂದನ್ನು ರಚಿಸಲು 1770ರ ದಶಕದಲ್ಲಿ ಮೊದಲು ತಿರುಪು ಕೊರೆಯುವ ಲೇತನ್ನೇ ರಚಿಸಬೇಕಾಯಿತು.

ಈ ಗಂಟನ್ನು ಕಾರ್ಖಾನೆಯ ಮಟ್ಟದಲ್ಲಿ ಬಿಡಿಸಿದ ಕೀರ್ತಿಯು ಹೆನ್ರಿ ಮಾಡ್‌ಸ್ಲೆಗೆ (1771–1831) ಸಲ್ಲುತ್ತದೆ. ಮೃದುವಾದ ದಂಡವೊಂದನ್ನು ತಿರುಗಿಸುತ್ತ, ಅದಕ್ಕೆ ಓರೆಯಾಗಿ ಹಿಡಿದ ಚೂಪಾದ ಅಲಗನ್ನು ಒತ್ತಿದರೆ, ಆ ಅಲಗು ತಾನಾಗಿ ಸುರುಳಿಯ ಗೆರೆಯನ್ನು ಕೊರೆಯುತ್ತ ಸರಿಯುತ್ತದೆ. ಹೀಗೆ ಹುಟ್ಟಿದ ಮೊದಲ ತಿರುಪಿನ ದೋಷಗಳನ್ನು ತಿದ್ದಿ ಎರಡನೆಯದನ್ನು, ಅದರಿಂದ ಮೂರನೆಯದನ್ನು ಆತನು ಮಾಡಿದನು. 1800ರ ಸುಮಾರಿಗೆ ಆತನ ಲೇತಿನಲ್ಲಿ ಉಳಿಯನ್ನು ಸರಿಸುವ ಮೂಲತಿರುಪೂ, ಅದನ್ನು ಬೇಕಾದ ವೇಗಕ್ಕೆ ಹೊಂದಿಸುವ ಹಲ್ಲುಚಕ್ರಗಳೂ ಒಂದುಗೂಡಿದ್ದುವು. ಆತನು ಮಾಡಿದ ತಿರುಪೊಂದು ಐದು ಅಡಿ ಉದ್ದ, ಎರಡು ಅಂಗುಲ ದಪ್ಪವಾಗಿದ್ದು, ಅಂಗುಲಕ್ಕೆ 50 ಎಳೆಗಳಿದ್ದುವು. ಅದರ ನಟ್ಟೇ ಒಂದಡಿ ಉದ್ದ. ಎಂದರೆ ಒಮ್ಮೆಗೆ 600 ಎಳೆಗಳನ್ನು ಅಪ್ಪಿಕೊಂಡಿರುತ್ತಿತ್ತು. ಒಂದೊಂದು ಎಳೆಯ ಸಣ್ಣಪುಟ್ಟ ತಪ್ಪು ಆರುನೂರರ ನಡುವೆ ಹಂಚಿಹೋಗಿ, ನಟ್ಟಿನ ಚಲನೆ ಯಾವ ಒಂದು ಎಳೆಗಿಂತಲೂ ನಿರ್ದುಷ್ಟವಾಗುತ್ತಿತ್ತು. ತನ್ನ ವರ್ಕ್‌ಷಾಪಿನ ಅಳತೆಯ ವ್ಯಾಜ್ಯಗಳನ್ನು ತೀರ್ಮಾನಿಸಲು ಆತನು ಇಟ್ಟುಕೊಂಡಿದ್ದ ಸೂಕ್ಷ್ಮಮಾಪಕವೂ ತಿರುಪಿನದೇ. ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಾಧಿಕಾರಿಯ ಹೆಸರನ್ನು ಇಟ್ಟು ಅದನ್ನು ‘ಲಾರ್ಡ್ ಛಾನ್ಸಲರ್’ ಎಂದು ಕರೆಯುತ್ತಿದ್ದರು. ಅದರ ತೀರ್ಪಿನ ಮೇಲೆ ಅಪೀಲಿಲ್ಲ!

ಒಬ್ಬೊಬ್ಬ ಯಜಮಾನನೂ ಒಳ್ಳೆಯ ತಿರುಪನ್ನು ಮಾಡತೊಡಗಿದುದರಿಂದ ಮತ್ತೊಂದು ತೊಂದರೆ ಎದ್ದಿತು. ಒಬ್ಬನ ನಟ್ಟು ಇನ್ನೊಬ್ಬನ ಬೋಲ್ಟಿಗೆ ಕೂರುತ್ತಿರಲಿಲ್ಲ. ಯಂತ್ರವನ್ನು ಬಿಚ್ಚುವಾಗ ಯಾವ ನಟ್ಟು ಯಾವ ಬೋಲ್ಟಿನದೆಂದು ಗುರುತು ಹಾಕದಿದ್ದರೆ ಮತ್ತೆ ಜೋಡಿಸುವುದು ಹರಸಾಹಸವಾಗುತ್ತಿತ್ತು. ಮಾಡ್‌ಸ್ಲೆಯ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತನು ಇಂಗ್ಲೆಂಡಿನ ಅನೇಕ ವರ್ಕ್‌ಷಾಪುಗಳಿಂದ ಬೋಲ್ಟುಗಳನ್ನು ಸಂಗ್ರಹಿಸಿ, ಅವುಗಳ ಸರಾಸರಿಯನ್ನು ತೆಗೆದು, 1841ರಲ್ಲಿ ಒಂದು ಸಮಾನ ಪದ್ಧತಿಯನ್ನು ಮುಂದಿಟ್ಟನು: ಎಳೆಯ ಕೋನ 55 ಅಂಶ, ಕಾಲು ಅಂಗುಲದ ಬೋಲ್ಟಿಗೆ ಅಂಗುಲಕ್ಕೆ 20 ಎಳೆ, ಅರ್ಧ ಅಂಗುಲದ್ದಕ್ಕೆ 12, ಒಂದು ಅಂಗುಲದ್ದಕ್ಕೆ 8. ಈ ಅಂಕಿಗಳಲ್ಲಿ ಪ್ರಕೃತಿನಿಯಮವೇನೂ ಇಲ್ಲವೆಂಬುದನ್ನು ಗಮನಿಸಬೇಕು. ಇದು ಕೇವಲ ಒಡಂಬಡಿಕೆ. ಅಟ್ಲಾಂಟಿಕ್ ಸಾಗರದ ಆಚೆ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸನು 1864ರಲ್ಲಿ 60 ಅಂಶದ ಕೋನವನ್ನು ಸೂಚಿಸಿದನು. ದುಂಡನೆಯ ತುದಿಯ ವಿಟ್‌ವರ್ತ್ ಎಳೆಗಿಂತ ಚಪ್ಪಟೆ ತುದಿಯ ಈ ಎಳೆಯನ್ನು ಸಾಧಾರಣ ಕೆಲಸಗಾರನೂ ಸುಲಭವಾಗಿ ಕತ್ತರಿಸಬಲ್ಲನೆಂಬುದು ಆತನ ವಾದ, ನ್ಯಾಯವಾದ ವಾದವೇ. ಆದರೆ ಅರ್ಧ ಅಂಗುಲದ ಬೋಲ್ಟಿಗೆ ಇಂಗ್ಲೆಂಡಿನಲ್ಲಿ 12 ಎಳೆ, ಅಮೆರಿಕದಲ್ಲಿ 13 ಎಳೆಯಾಗಿ, ಒಂದೇ ಭಾಷೆಯನ್ನಾಡುವ ಎರಡು ದೇಶಗಳ ನಟ್ಟು ಬೋಲ್ಟುಗಳು ಮುಂದಿನ ಎಂಬತ್ತು ವರ್ಷಗಳಿಗೂ ಮೇಲ್ಪಟ್ಟು ಮಾತು ಬಿಟ್ಟುವು.

ಇನ್ನು ಬಾಲ್ಟಿಮೋರ್ ನಗರಕ್ಕೆ ಬರೋಣ. ಅಮೆರಿಕದ ಪೂರ್ವತೀರದ ಈ ಒಂದೇ ನಗರದಲ್ಲಿ, ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ, ತಿರುಪಿನ ಚರಿತ್ರೆಯ ಎರಡು ಸಂಗತಿಗಳು ನಡೆದುವು. ಒಂದು ನೆಲಮಾಳಿಗೆಯಲ್ಲಿ, ಇನ್ನೊಂದು ಬೀದಿಯಲ್ಲಿ.

ಮೊದಲನೆಯದು ನಮ್ಮ ಶಾಸ್ತ್ರಕ್ಕೆ ಸೇರಿದುದು. ಅಲ್ಲಿಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಹೆನ್ರಿ ರೋಲಂಡನು 1882ರಲ್ಲಿ, ಲೋಹದ ಕನ್ನಡಿಯ ಮೇಲೆ ವಜ್ರದ ಮೊನೆಯಿಂದ ಅಂಗುಲಕ್ಕೆ 14,438 ಗೆರೆಗಳನ್ನು ಕೊರೆಯಬಲ್ಲ ಯಂತ್ರವನ್ನು ಬಳಕೆಗೆ ತಂದನು. ಹೀಗೆ ಗೆರೆ ಕೊರೆದ ಫಲಕವೇ ಗ್ರೇಟಿಂಗು; ಇದರ ಮೇಲೆ ಬಿದ್ದ ಬೆಳಕು ತನ್ನ ಬಣ್ಣಗಳಾಗಿ ಬಿಡಿಸಿಕೊಳ್ಳುತ್ತದೆ. ಒಂದು ಗೆರೆ ಕೊರೆದ ಮೇಲೆ ಫಲಕವು ಅಂಗುಲದ ಹದಿನಾಲ್ಕು ಸಾವಿರದಲ್ಲೊಂದು ಪಾಲಿನಷ್ಟು ಸರಿದು ನಿಲ್ಲಬೇಕು; ಸಾವಿರಾರು ಬಾರಿಯೂ ಅಷ್ಟೇ ಸರಿಯಬೇಕು. ಸರಿಸುವುದು ತಿರುಪು. ಯಂತ್ರದ ಮಿಕ್ಕ ಭಾಗಗಳೆಲ್ಲ ಅದರ ಸೇವಕರು. ರೋಲಂಡನು ಅನುಸರಿಸಿದ ವಿಧಾನವು ಆಶ್ಚರ್ಯಕರವಾಗಿ ಸರಳ. ಬೇಕಾದುದಕ್ಕಿಂತ ಉದ್ದವಾದ ತಿರುಪನ್ನು ಕೊರೆದು, ಅದಕ್ಕೆ ಉದ್ದವಾದ ನಟ್ಟೊಂದನ್ನು ಮಾಡಿ, ನಟ್ಟನ್ನು ಉದ್ದಕ್ಕೆ ಸೀಳಿ ಪಟ್ಟಿಗಳಿಂದ ಬಿಗಿದು, ನಡುವೆ ಎಮರಿ ಪುಡಿಯನ್ನೂ ಎಣ್ಣೆಯನ್ನೂ ಹಾಕಿ ಹಿಂದಕ್ಕೂ ಮುಂದಕ್ಕೂ ಓಡಿಸುವುದು. ಆಗಾಗ ನಟ್ಟನ್ನು ತಿರುಗುಮುರುಗು ಮಾಡುವುದು. ಉಷ್ಣತೆಯು ಬದಲಾಗದಂತೆ ಕಾಯುವುದು. ಉಬ್ಬಿದ ಎಳೆಗಳು ತಾವಾಗಿ ಸವೆಯುತ್ತವೆ. ಮಾಡ್‌ಸ್ಲೆಯ ಒಂದಡಿ ನಟ್ಟಿನ ತತ್ತ್ವವೇ ಇಲ್ಲಿ ತಿದ್ದುವ ಸಾಧನವಾಯಿತು. ಒಂಬತ್ತು ಅಂಗುಲದ ತನ್ನ ತಿರುಪಿನಲ್ಲಿ ಬೆಳಕಿನ ಅರ್ಧ ತರಂಗಾಂತರದಷ್ಟೂ ದೋಷವಿಲ್ಲವೆಂದು ಆತನು ವರದಿ ಮಾಡಿದನು.

ಈ ಗ್ರೇಟಿಂಗುಗಳಿಂದ ರೋಲಂಡನು ಸೂರ್ಯನ ಬೆಳಕಿನಲ್ಲಿ ಸುಮಾರು 20,000 ಕಪ್ಪು ರೇಖೆಗಳ ತರಂಗಾಂತರಗಳನ್ನು ಅಳೆದು 1895ರಿಂದ 1897ರ ವರೆಗೆ ಪ್ರಕಟಿಸಿದನು. ಆದರೂ ಆತನ ತಿರುಪು ಪೂರ್ಣ ನಿರ್ದುಷ್ಟವಾಗಿರಲಿಲ್ಲ. ಪ್ರತಿ ಸುತ್ತಿನಲ್ಲಿಯೂ ಒಂದೇ ಸ್ಥಾನದಲ್ಲಿ ಮರುಕಳಿಸುವ ಅತ್ಯಲ್ಪ ತಪ್ಪೊಂದು ಇದ್ದರೆ, ಅದು ಗ್ರೇಟಿಂಗಿನ ಗೆರೆಗಳಲ್ಲಿ ಮೂಡಿ, ಪ್ರಕಾಶಮಾನವಾದ ಪ್ರತಿಯೊಂದು ರೇಖೆಯ ಎರಡು ಪಕ್ಕಗಳಲ್ಲಿಯೂ ಇಲ್ಲದ ರೇಖೆಗಳನ್ನು ತೋರಿಸುತ್ತದೆ. ಇವಕ್ಕೆ ‘ರೋಲಂಡನ ಭೂತಗಳು’ ಎಂದೇ ಹೆಸರು ಬಿದ್ದಿದೆ. ತಾರೆಯ ಬೆಳಕಿನಲ್ಲಿ ಹೊಸ ರೇಖೆಯನ್ನು ಕಂಡೆನೆಂದು ಹಿಗ್ಗಿದವನು, ತಾನು ಕಂಡುದು ಬಾಲ್ಟಿಮೋರಿನ ತಿರುಪಿನ ತಪ್ಪನ್ನೋ ಎಂದು ಮೊದಲು ವಿಚಾರಿಸಿಕೊಳ್ಳಬೇಕಾಗಿತ್ತು. 1901ರಲ್ಲಿ ರೋಲಂಡನು ತೀರಿಕೊಂಡಾಗ ಆತನ ಇಚ್ಛೆಯಂತೆ ಚಿತಾಭಸ್ಮವನ್ನು ಆ ಯಂತ್ರದ ಬಳಿಯ ಗೋಡೆಯಲ್ಲಿಯೇ ಇಟ್ಟರು.

ಎರಡನೆಯ ಸಂಗತಿ 1904ನೆಯ ಫೆಬ್ರವರಿ 7ರ ಭಾನುವಾರದ್ದು. ಬಾಲ್ಟಿಮೋರಿನ ವ್ಯಾಪಾರದ ಕೇರಿಯಲ್ಲಿ ಬೆಂಕಿ ಹುಟ್ಟಿ, ಬಿರುಗಾಳಿಯ ನೆರವಿನಿಂದ ಹಬ್ಬಿತು. ತಂತಿ ಸಮಾಚಾರ ಹೋದೊಡನೆ ವಾಷಿಂಗ್‌ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ಮೊದಲಾದ ನಗರಗಳ ಅಗ್ನಿಶಾಮಕ ದಳಗಳು ರೈಲಿನಲ್ಲಿ ತಮ್ಮ ಯಂತ್ರಗಳನ್ನು ಹೇರಿಕೊಂಡು ಧಾವಿಸಿ ಬಂದುವು. ನೀರಿತ್ತು, ಜನರಿದ್ದರು, ಯಂತ್ರಗಳಿದ್ದುವು. ಆದರೆ ಹೊರಗಿನಿಂದ ಬಂದ ಅನೇಕ ದಳಗಳ ನೀರುಕೊಳವೆಗಳ ತಿರುಪುಬಾಯಿಗಳು ಬಾಲ್ಟಿಮೋರಿನ ಬೀದಿನಲ್ಲಿಗಳಿಗೆ ಕೂರಲಿಲ್ಲ. ಬೆಂಕಿಯು 30 ಗಂಟೆಗಳಿಗೂ ಹೆಚ್ಚು ಕಾಲ ಉರಿದು 1,500ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟಿತು. ಕೊಳವೆಗಳು ಕೂತಿದ್ದರೆ ಇಷ್ಟೂ ಉಳಿಯುತ್ತಿತ್ತೆಂದು ಹೇಳಲಾಗದು. ಗಾಳಿಯ ಪಾಲೂ ದೊಡ್ಡದಾಗಿತ್ತು. ಆದರೂ ಅಂದು ಆ ಬೀದಿಯಲ್ಲಿ ಕೂರದ ಕೊಳವೆಯನ್ನು ಕೈಯಲ್ಲಿ ಹಿಡಿದು ನಿಂತವನ ಅವಸ್ಥೆಯನ್ನು ಊಹಿಸಿಕೊಳ್ಳಬಹುದು. ಅನಂತರ ವಿಚಾರಿಸಿ ನೋಡಿದಾಗ ಅಮೆರಿಕದಲ್ಲಿ ಇಂತಹ ತಿರುಪುಬಾಯಿಗಳು 600ಕ್ಕೂ ಹೆಚ್ಚು ಬಗೆಯವು ಇದ್ದುವೆಂದು ತಿಳಿಯಿತು. ಮರುವರ್ಷವೇ ಅಂಗುಲಕ್ಕೆ ಏಳೂವರೆ ಎಳೆಯುಳ್ಳ ಎರಡೂವರೆ ಅಂಗುಲದ ಬಾಯಿಯನ್ನು ರಾಷ್ಟ್ರೀಯ ಪ್ರಮಾಣವೆಂದು ಅಂಗೀಕರಿಸಲಾಯಿತು.

ನನಗೆ ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಯೋಚಿಸಲು ಸಾಧ್ಯವಾಗಿಲ್ಲ. ಬೆಳಕಿನ ತರಂಗದ ಅಳತೆಗೆ ನಿಂತ ತಿರುಪನ್ನು ಮಾಡಿದ ಊರಿನಲ್ಲಿಯೇ, ದಪ್ಪನೆಯ ಎಳೆಗಳು ಹೊಂದಲಿಲ್ಲ. ರೋಲಂಡನ ತಿರುಪಿಗೆ ಹೊಂದಬೇಕಾದುದು ತನ್ನ ನಟ್ಟಿನೊಡನೆ ಮಾತ್ರ. ಎರಡನ್ನೂ ಮಾಡಿದುದು ಒಂದೇ ಕೈ. ಬೀದಿಯ ತಿರುಪಾದರೋ, ತಾನೆಂದೂ ಕಾಣದ ಊರಿನಲ್ಲಿ ಯಾರೋ ಮಾಡಿದ ಇನ್ನೊಂದು ಅರ್ಧಕ್ಕೆ ಹೊಂದಬೇಕು. ಯಂತ್ರದ ಅಂಗವೆಂಬುದು ಒಂಟಿ ವಸ್ತುವಲ್ಲ, ಜೋಡಿಯ ಅರ್ಧ ಎಂಬುದನ್ನು ಜರ್ಮನಿಯ ಫ್ರಾನ್ಸ್ ರೂಲೋ ಎಂಬ ಪ್ರಾಧ್ಯಾಪಕನು 1875ರಲ್ಲಿಯೇ ತನ್ನ ಚಲನಶಾಸ್ತ್ರದ ಗ್ರಂಥದಲ್ಲಿ ಪ್ರತಿಪಾದಿಸಿದ್ದನು. ಅಚ್ಚಿಲ್ಲದ ಗಾಲಿ, ನಟ್ಟಿಲ್ಲದ ತಿರುಪು ಏನನ್ನೂ ಸಾಧಿಸಲಾರವು. ಜೋಡಿಯ ಒಂದು ಇನ್ನೊಂದಕ್ಕೆ ಕೆಲವು ಚಲನೆಗಳನ್ನು ಬಿಟ್ಟುಕೊಟ್ಟು ಮಿಕ್ಕವನ್ನು ತಡೆಯುವುದರಿಂದಲೇ ಯಂತ್ರವು ಯಂತ್ರವಾಗುತ್ತದೆ. ಕೆಲವೊಮ್ಮೆ ಹೊಂದದಂತೆಯೂ ಬುದ್ಧಿಪೂರ್ವಕವಾಗಿ ಮಾಡುವುದುಂಟು. ಹೈಡ್ರೊಜನ್ನಿನಂತಹ ಉರಿಯುವ ಅನಿಲಗಳ ಸಿಲಿಂಡರಿನ ಬಾಯಿಗೆ ಎಡಕ್ಕೆ ಬಿಗಿಯುವ ಎಳೆಯನ್ನೂ, ಆಮ್ಲಜನಕದ್ದಕ್ಕೆ ಬಲಕ್ಕೆ ಬಿಗಿಯುವ ಎಳೆಯನ್ನೂ ಇಟ್ಟಿರುವುದು, ಮರೆವಿನಿಂದ ಒಂದರ ಕೊಳವೆಯನ್ನು ಇನ್ನೊಂದಕ್ಕೆ ಜೋಡಿಸದಿರಲೆಂದೇ.

ಇಂಗ್ಲೆಂಡು ಅಮೆರಿಕಗಳನ್ನು ಒಂದುಗೂಡಿಸಲು ಎರಡನೆಯ ಮಹಾಯುದ್ಧವು ಬೇಕಾಯಿತು. ಒಂದು ದೇಶದ ಟ್ಯಾಂಕು, ವಿಮಾನಗಳನ್ನು ಇನ್ನೊಂದರ ಬಿಡಿಭಾಗಗಳಿಂದ ರಿಪೇರಿ ಮಾಡಲಾಗದೆ ಪಟ್ಟ ಪಾಡಿನ ಫಲವಾಗಿ, ಆ ಎರಡು ದೇಶಗಳೂ ಕೆನಡವೂ 1948ರಲ್ಲಿ 60 ಅಂಶದ ಏಕೀಕೃತ ಎಳೆಯನ್ನು ಒಪ್ಪಿಕೊಂಡುವು. ಈಗ ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ಮೆಟ್ರಿಕ್ ಎಳೆಯ ಕೋನವೂ ಅದೇ. ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಗೆ 1956ರ ತೂಕ ಮತ್ತು ಅಳತೆಗಳ ಶಾಸನವು ದಾರಿಮಾಡಿತು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯು ಲೇತುಗಳ ತಯಾರಿಕೆಯನ್ನು ಕೈಗೊಂಡುದು ಸುಮಾರು ಆ ಕಾಲದಲ್ಲಿಯೇ.

ಒಡಂಬಡಿಕೆ ಆದೊಡನೆ ಅಪಾಯವು ಮುಗಿಯಿತೆನ್ನುವಂತಿಲ್ಲ. 1990ನೆಯ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿಗೆ ಹೊರಟಿದ್ದ ವಿಮಾನವೊಂದರ ಮುಂಭಾಗದ ಗಾಜು 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ವಿಮಾನದ ನಾಯಕನ ದೇಹವು ಸೊಂಟದವರೆಗೆ ಹೊರಕ್ಕೆ ಸೆಳೆಯಲ್ಪಟ್ಟಿತು. ಸಿಬ್ಬಂದಿಯವರು ಆತನ ಕಾಲುಗಳನ್ನು ಬಿಡದೆ ಹಿಡಿದುಕೊಂಡಿರಲು, ಸಹಚಾಲಕನು ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದನು. ಅದೃಷ್ಟವಶಾತ್ ನಾಯಕನೂ ಸೇರಿ ಎಲ್ಲರೂ ಬದುಕಿದರು. ಹಾರಾಟಕ್ಕೆ ಸ್ವಲ್ಪ ಮುಂಚೆ ಆ ಗಾಜನ್ನು ಹೊಸದಾಗಿ ಕೂರಿಸಿದ್ದರು. ಅದರ 90 ಬೋಲ್ಟುಗಳಲ್ಲಿ 84ರ ವ್ಯಾಸವು ಇರಬೇಕಾದುದಕ್ಕಿಂತ 0.66 ಮಿಲಿಮೀಟರು ಕಡಿಮೆಯಾಗಿತ್ತು. ಕೂರಿಸುವಾಗಲೇ ಇದು ತಿಳಿಯಲಿಲ್ಲವೆ? ಇಲ್ಲಿಯೇ ತಿರುಪಿನ ಮೋಸವಿರುವುದು. ಸರಿಯಾದ ಬೋಲ್ಟಿಗೂ ತಪ್ಪು ಬೋಲ್ಟಿಗೂ ಅಂಗುಲಕ್ಕೆ 32 ಎಳೆಗಳೇ ಇದ್ದುವು. ಪಿಚ್ಚು ಒಂದೇ ಆದುದರಿಂದ ತಪ್ಪು ಬೋಲ್ಟು ನನ್ನ ತಿರುಪಿನಂತೆ ಮೂರನೆಯ ಸುತ್ತಿಗೆ ಬಿಗಿದು ಎಚ್ಚರಿಸಲಿಲ್ಲ. ಕೊನೆಯ ವರೆಗೂ ಸರಾಗವಾಗಿ ಹೋಯಿತು. ಎಳೆಗಳ ತುದಿಗೆ ತುದಿ ಮಾತ್ರ ತಗುಲಿಕೊಂಡಿತ್ತು. ನೆಲದ ಮೇಲೆ ಅಷ್ಟು ಸಾಕಾಗಿತ್ತು. ಮೇಲೇರಿದಂತೆ ಒಳಗಿನ ಗಾಳಿಯ ಒತ್ತಡವು ಗಾಜನ್ನು ಹೊರಕ್ಕೆ ತಳ್ಳಿದಾಗ ಸಾಲಲಿಲ್ಲ.

ಈ ದೃಷ್ಟಿಯಿಂದ ನನ್ನ ರೋಹಿತಮಾಪಕವು ಪ್ರಾಮಾಣಿಕವಾಗಿಯೇ ನಡೆದುಕೊಂಡಿತೆನ್ನಬೇಕು. ಕಾಲು ಅಂಗುಲದ ವಿಟ್‌ವರ್ತ್ ಎಳೆಯ ಪಿಚ್ಚು 1.27 ಮಿಲಿಮೀಟರು, ನಾನು ತಂದ ಆರು ಮಿಲಿಮೀಟರಿನ ತಿರುಪಿನದು 1 ಮಿಲಿಮೀಟರು. ಒಂದು ಸುತ್ತಿಗೆ 0.27ರಷ್ಟು ಹಿಂದೆ ಬಿದ್ದು, ಎರಡು ಸುತ್ತಿಗೆ ಅರ್ಧ ಪಿಚ್ಚಿಗಿಂತ ಹೆಚ್ಚು ಹಿಂದೆ ಬೀಳುವ ತಿರುಪು ಮೂರನೆಯ ಸುತ್ತಿಗೆ ನಿಲ್ಲಲೇಬೇಕು. ನಿಂತಿತು. ಇಕ್ಕಳವನ್ನು ತಂದವನು ನಾನು.

ನಮ್ಮ ಅಟೆಂಡರು ಉಪಕರಣದ ಕಾಲನ್ನು ಬಿಚ್ಚಿ, ಹಳೆಯ ಪೇಟೆಯಲ್ಲಿ ಲೇತಿನ ಕೆಲಸ ಮಾಡುವ ವೃದ್ಧರೊಬ್ಬರ ಬಳಿಗೆ ನನ್ನನ್ನು ಕರೆದುಕೊಂಡು ಹೋದರು. ಅವರು ಹಾಳಾದ ರಂಧ್ರವನ್ನು ದೊಡ್ಡದಾಗಿ ಕೊರೆದು, ಹಿತ್ತಾಳೆಯ ಬಳೆಯೊಂದನ್ನು ಬಿಗಿಯಾಗಿ ಒಳಕ್ಕೆ ಇಳಿಸಿ, ತಮ್ಮ ತಂದೆಯವರ ಕಾಲದ ಪೆಟ್ಟಿಗೆಯಿಂದ ಅಂಗುಲಕ್ಕೆ ಇಪ್ಪತ್ತು ಎಳೆ ಕೊರೆಯುವ ಸಾಧನವನ್ನು ಹುಡುಕಿ ತೆಗೆದು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ತಿರುಪನ್ನೂ ಅವರೇ ಮಾಡಿಕೊಟ್ಟರು. ಪರೀಕ್ಷೆಯ ದಿನ ವಿದ್ಯಾರ್ಥಿಗಳು ಅದೇ ಉಪಕರಣದಲ್ಲಿ, ಅಂಗುಲಕ್ಕೆ 15,000 ಗೆರೆಗಳ ಗ್ರೇಟಿಂಗಿನಿಂದ, ಸೋಡಿಯಂ ದೀಪದ ಹಳದಿ ರೇಖೆಯನ್ನು 20 ಅಂಶಗಳಿಗೆ ತುಸು ಮೇಲೆ, ಎಲ್ಲಿರಬೇಕೋ ಅಲ್ಲಿಯೇ ಕಂಡರು. ಈಗ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ತಿರುಪುಗಳಿಗೆ ಎರಡು ಡಬ್ಬಿಗಳಿವೆ. ಒಂದರ ಮೇಲೆ ‘ಇಂಚು’ ಎಂದೂ, ಇನ್ನೊಂದರ ಮೇಲೆ ‘ಮಿ. ಮೀ.’ ಎಂದೂ ಅಟೆಂಡರು ಕೆಂಪು ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ಇಕ್ಕಳವನ್ನು ಮಾತ್ರ ತಮ್ಮ ಮೇಜಿನ ಒಳಗೆ ಇಟ್ಟುಕೊಂಡಿದ್ದಾರೆ.